ಮಗಳ ಕಾಲೇಜು, ನಮ್ಮ ಸಂಘ

(ಸಂಘದ ರಜತ ವರ್ಷಾಚರಣೆಯ ಉದ್ಘಾಟನೆಯಂದು ನಡೆದ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ಭಾಷಣಗಾರನಲ್ಲ. ಮಕ್ಕಳಿಗೆ ನಾಲ್ಕು ಹಿತವಚನ ಹೇಳಬೇಕು ಎಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದಾಗ ನಾನು ಬೇಡ ಎಂದೆ. ನಾನು ಕಲಿತದ್ದು ಎಸ್ಸೆಸ್ಸೆಲ್ಸಿ. 1996ರಲ್ಲಿ ಪಾಸಾದೆ, ಎರಡನೇ ದರ್ಜೆ. ಪಿ.ಯು.ಸಿ.ಗೆ ಅರ್ಜಿ ಫಾರಂ ತಂದು ತುಂಬಿಸಿಯೂ ಇಟ್ಟಿದ್ದೆ. ಆ ಮಳೆಗಾಲದಲ್ಲಿ ನನ್ನ ತಂದೆಯವರು ಅಡಿಕೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ಮತ್ತೆ ತೋಟಕ್ಕೆ ಮದ್ದು ಬಿಡಲಿಕ್ಕೆ, ಹಟ್ಟಿ ನೋಡಿಕೊಳ್ಳಲಿಕ್ಕೆ ಮನೆಯಲ್ಲಿ ಗಂಡಾಳು ನಾನೊಬ್ಬನೇ. ಹಾಗಾಗಿ ಕಾಲೇಜು ಎಂದರೆ ಒಳಗೆ ಹೇಗಿರುತ್ತದೆ ಎಂದು ನಾನು ನೋಡಿದ್ದು ನನ್ನ ಮಗಳನ್ನು ಸೇರಿಸಲಿಕ್ಕೆ ಮಂಗಳೂರಿಗೆ ಹೋದಾಗಲೇ. ಆದ್ದರಿಂದ ಇವತ್ತು ನಾನು ಹೇಳುವುದು ನನ್ನ ಮಾತಲ್ಲ. ಅವಳು ಮೂರು ವರ್ಷ ರಜೆಗೆ ಬಂದಾಗಲೆಲ್ಲ ಜಗಲಿಯಲ್ಲಿ ಕೂತು ಹೇಳಿದ್ದು. ಅವಳಿಗೆ ಕೇಳಿಯೇ ಹೇಳುತ್ತಿದ್ದೇನೆ. "ಹೇಳಿ ಅಪ್ಪ, ಆದರೆ ಗಡಿಯಾರದ ವಿಷಯ ಬಿಟ್ಟು ಹೇಳುವುದಾದರೆ ಬೇಡ" ಎಂದಿದ್ದಾಳೆ. ಗಡಿಯಾರದ ವಿಷಯ ಎಂತ ಎಂದು ಆಮೇಲೆ ಹೇಳುತ್ತೇನೆ.

ಪಿ.ಯು.ಸಿ.ಯಲ್ಲಿ ಅವಳಿಗೆ ಕಲಾ ವಿಭಾಗದಲ್ಲಿ ಒಳ್ಳೆಯ ಮಾರ್ಕು ಬಂತು. ಬಿ.ಕಾಂ. ಮಾಡಿದರೆ ನಮ್ಮ ಸಂಘದಲ್ಲೋ ಬ್ಯಾಂಕಿನಲ್ಲೋ ಒಂದು ಕೆಲಸ ಆದೀತು ಎಂದು ನನ್ನ ಲೆಕ್ಕಾಚಾರ. ಅವಳು ಬಿ.ಎಸ್.ಡಬ್ಲ್ಯು. ಎಂದಳು. ಅಂದರೆ ಸಮಾಜಕಾರ್ಯದ ಪದವಿ. ಊರಲ್ಲಿ ಹೇಳಿದಾಗ ಒಬ್ಬರು, "ಸಮಾಜ ಸೇವೆ ಮಾಡ್ಲಿಕ್ಕೆ ಕಾಲೇಜು ಯಾಕೆ ಮಾರಾಯ್ರೆ, ಬ್ರಹ್ಮಕಲಶಕ್ಕೆ ನಾಲ್ಕು ದಿನ ಕರಸೇವೆ ಮಾಡಿದ್ರೆ ಸಾಕಲ್ವಾ" ಎಂದರು. ನಾನೂ ನಕ್ಕೆ. ನನಗೂ ಹಾಗೆಯೇ ಕಂಡಿತ್ತು.

ಮಂಗಳೂರಿನಲ್ಲಿ ರೋಶನಿ ನಿಲಯ ಎಂಬ ಸಮಾಜಕಾರ್ಯ ಕಾಲೇಜು ಉಂಟು. 1960ರಲ್ಲಿ ಶುರುವಾದದ್ದು. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಈ ಕೆಲಸವನ್ನು ಒಂದು ವಿದ್ಯೆ ಎಂದು ಅಲ್ಲಿ ಕಲಿಸುತ್ತಿದ್ದರು. ನನಗೆ ಗೊತ್ತಿರಲಿಲ್ಲ ಅಷ್ಟೆ. ಅಲ್ಲಿಗೆ ಸೇರಿಸಿದ್ದಾಯಿತು. ಉಳಿದುಕೊಳ್ಳಲಿಕ್ಕೆ ಫಳ್ನೀರ್‌ನಲ್ಲಿ ಹೆಣ್ಣು ಮಕ್ಕಳ ಒಂದು ಪಿ.ಜಿ. ಸಿಕ್ಕಿತು. ಬಿ.ಸಿ.ರೋಡಿನಿಂದ ಹೋದ ಬಸ್ಸು ಪಂಪ್‌ವೆಲ್ ದಾಟಿ ಕಂಕನಾಡಿಯಲ್ಲಿ ಇಳಿಸಿದರೆ ಅಲ್ಲಿಂದ ನಡೆದೇ ಹೋಗಬಹುದು. ಮೊದಲ ದಿವಸ ನಾನು ಒಂದು ಚೀಲದಲ್ಲಿ ಕುಚ್ಚಲಕ್ಕಿ, ಒಂದು ಬಾಟಲಿ ತುಪ್ಪ, ಉಪ್ಪಿನಕಾಯಿ ಹಿಡಿದುಕೊಂಡು ಫಳ್ನೀರ್ ರಸ್ತೆಯಲ್ಲಿ ನಡೆದದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ. ಒಂದು ಕಡೆ ಆಸ್ಪತ್ರೆ, ಒಂದು ಕಡೆ ಮೆಡಿಕಲ್ ಶಾಪು, ಮಧ್ಯೆ ದೊಡ್ಡ ದೊಡ್ಡ ಫ್ಲಾಟು. ಅಕ್ಕಿ ಬೇಡ, ಇಲ್ಲಿ ಊಟ ಕೊಡುತ್ತೇವೆ ಎಂದು ಪಿ.ಜಿ.ಯವರು ವಾಪಸು ಕಳಿಸಿದರು. ಅದನ್ನು ಪುನಃ ಹೊತ್ತುಕೊಂಡು ಬಂದೆ.

ಆ ಪೇಟೆಯ ಬಗ್ಗೆ ಒಂದು ಮಾತು. ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಎಂಬವರು ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ಶುರು ಮಾಡಿದರು. ಅದೇ ಇವತ್ತಿನ ದೊಡ್ಡ ಆಸ್ಪತ್ರೆ. ಅದೇ ವರ್ಷ ಸಂತ ಅಲೋಶಿಯಸ್ ಕಾಲೇಜೂ ಶುರುವಾಯಿತು. ಬೆಂದೂರಿನ ಸಂತ ಆಗ್ನೆಸ್ ಮಹಿಳಾ ಕಾಲೇಜು 1921ರದ್ದು. ಹೆಣ್ಣು ಮಕ್ಕಳನ್ನು ಶಾಲೆಗೆ ಕಳಿಸಲಿಕ್ಕೇ ನಮ್ಮ ಕಡೆ ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ ಅಲ್ಲಿ ಅವರಿಗಾಗಿ ಕಾಲೇಜು ಇತ್ತು. ಇದನ್ನೆಲ್ಲ ಮಗಳು ಹೇಳಿದ ಮೇಲೆ ನಾನು ಆ ರಸ್ತೆಯಲ್ಲಿ ನಡೆಯುವ ರೀತಿಯೇ ಬೇರೆ ಆಯಿತು.

ಈಗ ಪಾಠದ ವಿಷಯ. ಮೊದಲ ಮೂರು ತಿಂಗಳು ಅವಳು ಫೋನಿನಲ್ಲಿ ಅತ್ತದ್ದೇ ಹೆಚ್ಚು. ನಮ್ಮ ಊರಿನ ಕನ್ನಡ ಶಾಲೆಯಲ್ಲಿ ಕಲಿತವಳು, ಅಲ್ಲಿ ಎಲ್ಲವೂ ಇಂಗ್ಲಿಷ್. ಬರೆದುಕೊಳ್ಳುವಷ್ಟರಲ್ಲಿ ಮೇಡಂ ಮುಂದಿನ ವಿಷಯಕ್ಕೆ ಹೋಗಿ ಆಗಿರುತ್ತಿತ್ತಂತೆ. ಒಂದು ಸಲ, "ಅಪ್ಪ, ನಾನು ಬರುತ್ತೇನೆ, ದನ ನೋಡಿಕೊಂಡಿರುತ್ತೇನೆ" ಎಂದಳು. ನನಗೆ ಎಂತ ಹೇಳಬೇಕು ಗೊತ್ತಾಗಲಿಲ್ಲ. ಅವಳ ಅಮ್ಮ ಫೋನು ತೆಗೆದುಕೊಂಡು, "ದನ ನಾನು ನೋಡಿಕೊಳ್ತೇನೆ, ನೀನು ಪುಸ್ತಕ ನೋಡಿಕೋ" ಎಂದಳು. ಆಮೇಲೆ ಅವಳ ಕೋಣೆಯಲ್ಲಿದ್ದ ಕೇರಳದ ಹುಡುಗಿಯೊಬ್ಬಳು ರಾತ್ರಿ ಪಾಠ ಓದಿ ಹೇಳುತ್ತಿದ್ದಳು, ಇವಳು ಅವಳಿಗೆ ಕನ್ನಡ ಹೇಳಿಕೊಡುತ್ತಿದ್ದಳು. ಹೀಗೆ ಮೊದಲ ಸೆಮಿಸ್ಟರ್ ದಾಟಿತು. ಇಲ್ಲಿರುವ ಮಕ್ಕಳಿಗೆ ಹೇಳುತ್ತೇನೆ, ಕನ್ನಡ ಮಾಧ್ಯಮ ಎಂದು ತಲೆ ತಗ್ಗಿಸಬೇಡಿ, ಆದರೆ ಮೊದಲ ಆರು ತಿಂಗಳು ಕಷ್ಟ ಉಂಟು ಎಂಬುದನ್ನು ಗೊತ್ತಿದ್ದುಕೊಂಡೇ ಹೋಗಿ. ನಮಗೆ ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ.

ಅವರ ಕಲಿಕೆಯಲ್ಲಿ ತರಗತಿ ಅರ್ಧ, ಹೊರಗಿನ ಕೆಲಸ ಅರ್ಧ. ವಾರದಲ್ಲಿ ಕೆಲವು ದಿವಸ ಜನರ ಮಧ್ಯೆ ಹೋಗಬೇಕು. ಅದಕ್ಕೆ ಕ್ಷೇತ್ರಕಾರ್ಯ ಎನ್ನುತ್ತಾರೆ. ಹೋಗಿ ಬಂದು ಕಂಡದ್ದು, ಕೇಳಿದ್ದು, ತಾನು ತಪ್ಪಿದ್ದು ಎಲ್ಲ ಬರೆದು ಮೇಡಂಗೆ ತೋರಿಸಬೇಕು. ಒಬ್ಬ ಮನುಷ್ಯನ ಕಷ್ಟಕ್ಕೆ ಹೇಗೆ ಜೊತೆಯಾಗುವುದು, ಒಂದು ಗುಂಪನ್ನು ಹೇಗೆ ನಡೆಸುವುದು, ಒಂದು ಊರನ್ನೇ ಹೇಗೆ ಸೇರಿಸುವುದು, ಇವು ಮೂರೂ ಬೇರೆ ಬೇರೆ ಪಾಠ. ಸಹಕಾರಿ ಸಂಘದವರಾದ ನಮಗೆ ಮೂರನೆಯದ್ದು ಕಲಿಸದೆಯೇ ಗೊತ್ತುಂಟು ಎಂದು ನಾನು ಹೆಮ್ಮೆ ಪಟ್ಟುಕೊಂಡಿದ್ದೆ.

ಒಂದು ಸಲ ಅವಳು ದೋಣಿ ದಾಟಿ ಬೆಂಗ್ರೆ ಕಡೆಗೆ ಹೋದದ್ದು ಹೇಳಿದಳು. ಹಳೆ ಬಂದರಿನಿಂದ ದೋಣಿಯಲ್ಲಿ ಹೋಗಬೇಕು, ಮೀನುಗಾರರ ಮನೆಗಳು. ಅಲ್ಲಿ ಮೀನು ಮಾರುವ ಒಬ್ಬ ಹೆಂಗಸು ಇವಳ ಪುಸ್ತಕ ನೋಡಿ, "ವರ್ಷ ವರ್ಷ ಬರ್ತೀರಿ, ಮನೆಯಲ್ಲಿ ಎಷ್ಟು ಜನ, ಎಷ್ಟು ದುಡಿಮೆ ಅಂತ ಕೇಳಿ ಬರ್ಕೊಂಡು ಹೋಗ್ತೀರಿ. ನಿಮಗೆ ಮಾರ್ಕು ಸಿಗ್ತದೆ, ನಮಗೆ ಎಂತ?" ಎಂದು ಕೇಳಿದರಂತೆ. ಇವಳಿಗೆ ಉತ್ತರ ಇಲ್ಲ. ಆ ರಾತ್ರಿ ಊಟ ಮಾಡಲಿಲ್ಲ. ಮಾರನೇ ದಿವಸ ಮೇಡಂ ಹತ್ತಿರ ಹೇಳಿದರೆ, "ಆ ಪ್ರಶ್ನೆಯನ್ನೂ ವರದಿಯಲ್ಲಿ ಬರಿ, ಮುಂದಿನ ವಾರ ಪುಸ್ತಕ ಇಲ್ಲದೆ ಹೋಗು" ಎಂದರಂತೆ. ಇವಳು ಹಾಗೆಯೇ ಹೋದಳು. ಆ ಹೆಂಗಸಿನ ಪಿಂಚಣಿ ಅರ್ಜಿ ಎಲ್ಲಿಯೋ ನಿಂತಿತ್ತು. ಇವಳು ಎರಡು ಸಲ ಕಚೇರಿಗೆ ಜೊತೆಯಲ್ಲಿ ಹೋಗಿ ಬಂದಳು. ಕೆಲಸ ಆಯಿತೋ ಎಂದು ಕೇಳಿದೆ. "ಒಂದು ದಾಖಲೆ ಕಡಿಮೆ ಎಂದು ಗೊತ್ತಾಯಿತು, ಅಷ್ಟೇ ಆದದ್ದು" ಎಂದಳು. ನನಗೆ ಈ ಉತ್ತರ ಇಷ್ಟ ಆಯಿತು. ನಮ್ಮಲ್ಲಿ ಒಂದು ಅರ್ಜಿ ಬರೆದು ಕೊಟ್ಟವನೂ ವೇದಿಕೆಯಲ್ಲಿ ಶಾಲು ಹಾಕಿಸಿಕೊಳ್ಳುತ್ತಾನೆ.

ಇನ್ನು ಎನ್.ಎಸ್.ಎಸ್. ಅಂದರೆ ರಾಷ್ಟ್ರೀಯ ಸೇವಾ ಯೋಜನೆ. ನಮ್ಮ ಊರಿನ ಶಾಲೆಯಲ್ಲಿಯೂ ಹಿಂದೊಮ್ಮೆ ಇದರ ಶಿಬಿರ ಆಗಿತ್ತು, ಆಟದ ಮೈದಾನದ ಆಚೆ ಬದಿಯ ಇಂಗುಗುಂಡಿಗಳು ಆ ಮಕ್ಕಳೇ ತೋಡಿದ್ದು. ಇದು ಆರಂಭವಾದದ್ದು ಗಾಂಧೀಜಿಯವರ ಜನ್ಮ ಶತಾಬ್ದಿ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, ದೇಶದ 37 ವಿಶ್ವವಿದ್ಯಾನಿಲಯಗಳಲ್ಲಿ. ಆಗ ಕೇಂದ್ರದ ಶಿಕ್ಷಣ ಮಂತ್ರಿಯಾಗಿದ್ದವರು ಡಾ. ವಿ.ಕೆ.ಆರ್.ವಿ. ರಾವ್, ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಹೋದವರು. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ ಮಾಡಬೇಕು, ಒಂದು ಸಲ ಏಳು ದಿನದ ಶಿಬಿರಕ್ಕೆ ಹಳ್ಳಿಗೆ ಹೋಗಬೇಕು. ನನಗಲ್ಲ ನಿನಗೆ ಎಂಬುದು ಅವರ ಧ್ಯೇಯವಾಕ್ಯ. ವಕೀಲಿಕೆ ಮಾಡಿಕೊಂಡಿದ್ದ ಮೊಳಹಳ್ಳಿ ಶಿವರಾಯರು 1914ರಲ್ಲಿ ಪುತ್ತೂರಿನಲ್ಲಿ ಜಿಲ್ಲೆಯ ರೈತರಿಗಾಗಿ ಸಹಕಾರಿ ಬ್ಯಾಂಕು ಕಟ್ಟಿದಾಗಲೂ ಇದೇ ಮಾತು ಮನಸ್ಸಿನಲ್ಲಿ ಇದ್ದಿರಬೇಕು ಎಂದು ನನಗೆ ಅನಿಸುವುದುಂಟು. ಗಂಟೆ ಲೆಕ್ಕ ಹಾಕಿ ಸೇವೆ ಮಾಡಿಸುವುದು ಸರಿಯೋ ಎಂದು ನಾನು ಮಗಳಲ್ಲಿ ಕೇಳಿದೆ. "ಕೆಲವರು ಸಹಿ ಹಾಕಿ ಓಡುವವರೂ ಇದ್ದಾರೆ ಅಪ್ಪ, ನಿಮ್ಮ ಮಹಾಸಭೆಯಲ್ಲಿ ಊಟಕ್ಕೆ ಬರುವವರು ಇಲ್ವಾ" ಎಂದಳು. ನಾನು ಮುಂದೆ ಮಾತಾಡಲಿಲ್ಲ.

ರಕ್ತದಾನದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅದು ನಮ್ಮ ಎಲ್ಲರ ಮನೆಗೂ ಸಂಬಂಧಪಟ್ಟದ್ದು. ಕಾಲೇಜಿನಲ್ಲಿ ಶಿಬಿರ ಆಯಿತು. ಹದಿನೆಂಟು ತುಂಬಿದವರು, ತೂಕ 45 ಕಿಲೋಕ್ಕಿಂತ ಕಡಿಮೆ ಇಲ್ಲದವರು ಕೊಡಬಹುದು. ಇವಳು ಉತ್ಸಾಹದಲ್ಲಿ ಮೊದಲ ಸಾಲಿನಲ್ಲಿ ನಿಂತಳು. ಬೆರಳು ಚುಚ್ಚಿ ನೋಡಿದರೆ ಹಿಮೋಗ್ಲೋಬಿನ್ 10.4. ಬೇಕಾದದ್ದು 12.5. "ನೀನು ಕೊಡುವುದಲ್ಲಮ್ಮ, ನಿನಗೇ ಬೇಕು" ಎಂದು ಡಾಕ್ಟರು ವಾಪಸು ಕಳಿಸಿದರು. ಅವಳಿಗೆ ಅವಮಾನ ಆದ ಹಾಗೆ ಆಯಿತು. ನನಗೆ ಫೋನಿನಲ್ಲಿ ಕೇಳಿ ಸಿಟ್ಟು ಬಂತು. ಹಟ್ಟಿಯಲ್ಲಿ ನಾಲ್ಕು ಹಸು ಇರುವ ಮನೆಯ ಹುಡುಗಿಗೆ ರಕ್ತ ಕಡಿಮೆಯಾ? ಆದರೆ ಸರಿಯಾಗಿ ಯೋಚಿಸಿದರೆ ನಮ್ಮ ಮನೆಯಲ್ಲಿ ಹಾಲು ಎಲ್ಲಿ ಉಳಿಯುತ್ತದೆ? ಕ್ಯಾನಿಗೆ ಎರೆದು ಉಳಿದದ್ದು ಅಜ್ಜನ ಚಾಕ್ಕೆ. ಮಕ್ಕಳಿಗೆ ಹಾಲು ಹಾಕದ ಕಪ್ಪು ಚಾ. ಲೀಟರು ಹೆಚ್ಚಾಗಲಿ ಎಂದು ನಾವೇ ಮಾಡುವ ಕೆಲಸ ಇದು.

ಆದರೆ ನನ್ನ ಆ ಯೋಚನೆಯೂ ಅರ್ಧವೇ ಸರಿ. ಹಾಲಿನಿಂದ ಮೂಳೆಗೆ ಬಲ, ಆದರೆ ರಕ್ತಕ್ಕೆ ಬೇಕಾದ ಕಬ್ಬಿಣದ ಅಂಶ ಹಾಲಿನಲ್ಲಿ ತೀರಾ ಕಡಿಮೆ ಎಂದು ಡಾಕ್ಟರು ಅವಳಿಗೆ ಹೇಳಿದ್ದರು. ಅದಕ್ಕೆ ನುಗ್ಗೆ ಸೊಪ್ಪು, ಹರಿವೆ, ಹುರುಳಿ ತಿನ್ನಬೇಕು. ಜೊತೆಗೆ ನೆಲ್ಲಿಕಾಯಿಯೋ ಲಿಂಬೆಯೋ ಇದ್ದರೆ ಆ ಅಂಶ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಊಟ ಆದ ಕೂಡಲೇ ಚಾ ಕುಡಿದರೆ ಹಿಡಿಯುವುದಿಲ್ಲ. ನಮ್ಮಲ್ಲಿ ಹುರುಳಿ ಬೇಯಿಸಿ ಹಸುವಿಗೆ ಹಾಕುತ್ತೇವೆ, ನುಗ್ಗೆ ಸೊಪ್ಪು ಉದುರಿ ಗೊಬ್ಬರ ಆಗುತ್ತದೆ. ಅವಳು ಡಾಕ್ಟರು ಕೊಟ್ಟ ಮಾತ್ರೆಯನ್ನೂ ತಿಂದು, ಪಿ.ಜಿ.ಗೆ ಊರಿನಿಂದ ಹುರುಳಿ ತರಿಸಿಕೊಂಡು, ಏಳು ತಿಂಗಳು ಆದ ಮೇಲೆ ಮುಂದಿನ ಶಿಬಿರದಲ್ಲಿ ರಕ್ತ ಕೊಟ್ಟು ಬಂದಳು. 350 ಮಿಲಿ. ಅದನ್ನು ಬೇರೆ ಬೇರೆ ಮಾಡಿ ಇಡುತ್ತಾರಂತೆ. ಪ್ಲೇಟ್ಲೆಟ್ ಎಂಬುದು ಐದೇ ದಿವಸ ಉಳಿಯುವುದು, ಆಮೇಲೆ ಚೆಲ್ಲಬೇಕು. ನಮ್ಮ ಹಾಲಿನ ಹಾಗೆಯೇ, ದಿನ ದಿನವೂ ಬೇಕು, ಕೂಡಿಡಲಿಕ್ಕೆ ಆಗುವುದಿಲ್ಲ. ಡೆಂಗಿ ಬಂದಾಗ ಮಂಗಳೂರಿಗೆ ಓಡಿದವರು ಇಲ್ಲಿ ಎಷ್ಟು ಜನ ಇಲ್ಲ? ಅಲ್ಲಿ ನಮಗೆ ಸಿಕ್ಕಿದ್ದು ಇಂಥ ಯಾರೋ ಮಕ್ಕಳು ಕೊಟ್ಟ ರಕ್ತ. ತಾಯಂದಿರೇ, ನಿಮ್ಮ ಹೆಣ್ಣು ಮಕ್ಕಳ ಹಿಮೋಗ್ಲೋಬಿನ್ ಒಂದು ಸಲ ನೋಡಿಸಿ. ನಿಮ್ಮದನ್ನೂ ನೋಡಿಸಿ. ನನ್ನ ಮನೆಯಲ್ಲಿ ನೋಡಿಸಿದಾಗ ಮಗಳಿಗಿಂತ ಅವಳ ಅಮ್ಮನಿಗೆ ಕಡಿಮೆ ಇತ್ತು.

ಕಾಲೇಜಿನ ಮೋಜು ಮಸ್ತಿ ಬಗ್ಗೆ ಹೇಳದಿದ್ದರೆ ಮಕ್ಕಳಿಗೆ ಬೇಜಾರಾದೀತು. ಅದೂ ಉಂಟು. ಕಾಲೇಜು ಡೇಗೆ ನಾನು ಹೋಗಿದ್ದೆ. ಮಗಳ ತಂಡದ್ದು ಬೀದಿ ನಾಟಕ, ಕುಡಿತದ ಮೇಲೆ. ಕುಡುಕನ ಪಾತ್ರ ಮಾಡಿದ್ದು ನನ್ನ ಮಗಳೇ. ನಮ್ಮ ಊರಿನ ಯಾರನ್ನು ನೋಡಿ ಕಲಿತಿದ್ದಾಳೆ ಎಂದು ನನಗೆ ಗೊತ್ತಾಯಿತು, ಹೆಸರು ಹೇಳುವುದಿಲ್ಲ. ಸಂಜೆ ಕಂಕನಾಡಿ ಮಾರ್ಕೆಟಿನ ಹತ್ತಿರ ಗೋಳಿಬಜೆ ತಿಂದದ್ದು, ಮಳೆಯಲ್ಲಿ ಒಂದೇ ಕೊಡೆಯಲ್ಲಿ ಮೂವರು ಫಳ್ನೀರ್‌ವರೆಗೆ ನಡೆದದ್ದು, ಕೊಂಕಣಿ, ಬ್ಯಾರಿ, ಮಲೆಯಾಳ, ತುಳು ಎಲ್ಲ ಸೇರಿಸಿ ಅವರದ್ದೇ ಒಂದು ಭಾಷೆ ಮಾಡಿಕೊಂಡದ್ದು, ಇವನ್ನೆಲ್ಲ ಅವಳು ಹೇಳುವಾಗ ಮುಖ ನೋಡಬೇಕು. ರಂಜಾನ್ ತಿಂಗಳಲ್ಲಿ ಪಕ್ಕದ ಕೋಣೆಯವಳು ಬೆಳಗ್ಗಿನ ಜಾವ ಎದ್ದು ಉಣ್ಣುವಾಗ ಇವಳು ಜೊತೆಗೆ ಎದ್ದು ಓದಿದಳಂತೆ. ಪರೀಕ್ಷೆಯಲ್ಲಿ ಆ ಸಲವೇ ಮಾರ್ಕು ಹೆಚ್ಚು ಬಂತು. ನನಗೆ ಒಂದು ವಿಷಯದಲ್ಲಿ ಅಸಮಾಧಾನ ಉಂಟು, ಮೊಬೈಲು. ರಾತ್ರಿ ಹನ್ನೆರಡಕ್ಕೂ ಅದರಲ್ಲೇ. ಅದಕ್ಕೆ ಅವಳ ಉತ್ತರ, ನಮ್ಮ ಪಾಠ ಅದರಲ್ಲೇ ಬರುತ್ತದೆ ಎಂದು. ಇರಬಹುದು, ಎಲ್ಲವೂ ಪಾಠ ಇರಲಿಕ್ಕಿಲ್ಲ.

ಈಗ ಗಡಿಯಾರ.

ಎರಡನೇ ವರ್ಷ ಅವರ ಶಿಬಿರ ಬೇರೆ ತಾಲೂಕಿನ ಒಂದು ಹಳ್ಳಿಯಲ್ಲಿ ಆಯಿತು. ಅಲ್ಲಿ ಅವರು ಜನರನ್ನು ಸೇರಿಸಿ ನೆಲದ ಮೇಲೆ ರಂಗೋಲಿ ಹುಡಿಯಲ್ಲಿ ಊರಿನ ನಕ್ಷೆ ಬರೆಸಿದರು, ಹುಣಸೆ ಬೀಜ ಇಟ್ಟು ಮನೆ ಲೆಕ್ಕ ಮಾಡಿದರು. ಆಮೇಲೆ ದಿನದ ಗಡಿಯಾರ ಎಂದು ಒಂದು ಮಾಡಿಸುತ್ತಾರೆ. ಒಂದು ವೃತ್ತ ಬರೆದು ಇಪ್ಪತ್ತನಾಲ್ಕು ಭಾಗ ಮಾಡುವುದು, ಯಾವ ಗಂಟೆಗೆ ಎಂತ ಕೆಲಸ ಎಂದು ಗಂಡಸರು ಬೇರೆ, ಹೆಂಗಸರು ಬೇರೆ ತುಂಬಿಸುವುದು. ಶಿಬಿರ ಮುಗಿಸಿ ರಜೆಗೆ ಬಂದವಳು ನಮ್ಮ ಜಗಲಿಯಲ್ಲೇ ಎರಡು ಹಾಳೆ ಹರಡಿ, ಒಂದರಲ್ಲಿ ನನ್ನನ್ನು, ಒಂದರಲ್ಲಿ ಅವಳ ಅಮ್ಮನನ್ನು ಕೂರಿಸಿದಳು.

ಅಮ್ಮ: ಐದಕ್ಕೆ ಎದ್ದು ಹಟ್ಟಿ ತೊಳೆಯುವುದು, ಹಿಂಡಿ ಕಲಸಿ ಇಟ್ಟು ಹಾಲು ಕರೆಯುವುದು, ಸೆಗಣಿ ತೆಗೆಯುವುದು, ಒಂಬತ್ತಕ್ಕೆ ಹುಲ್ಲಿಗೆ ಹೋಗುವುದು, ಮಧ್ಯಾಹ್ನ ಬೈಹುಲ್ಲು ಹಾಕಿ ನೀರು ಕೊಡುವುದು, ಸಂಜೆ ಪುನಃ ಕರೆಯುವುದು. ಹಸುವಿನ ಕೆಲಸವೇ ಐದೂಕಾಲು ಗಂಟೆ. ನನ್ನದು ಬೆಳಗ್ಗೆ ಸಂಜೆ ಸ್ಕೂಟರಿನಲ್ಲಿ ಕ್ಯಾನು ಸೊಸೈಟಿಗೆ ತರುವುದು. ಐವತ್ತು ನಿಮಿಷ. ಅದರಲ್ಲಿಯೂ ಸೊಸೈಟಿಯ ಬೆಂಚಿನಲ್ಲಿ ಪೇಪರು ಓದಿದ್ದು ಸೇರಿತ್ತು. ಹಿಂಡಿಯ ಚೀಲ ಹೊರುವುದನ್ನು ಹಾಕು ಎಂದೆ. ಹಾಕಿದಳು. ಐವತ್ತೈದು ಆಯಿತು.

ಆಮೇಲೆ ಅವಳು ಒಳಗೆ ಹೋಗಿ ಸಂಘದ ಹಾಲಿನ ಪುಸ್ತಕ ತಂದು ಎರಡು ಹಾಳೆಯ ಮಧ್ಯೆ ಇಟ್ಟಳು. ಅದರ ಮೇಲೆ ನನ್ನ ಹೆಸರು. ಬಟವಾಡೆ ಬರುವುದು ನನ್ನ ಖಾತೆಗೆ. ಸರಕಾರದ ಪ್ರೋತ್ಸಾಹಧನ ನನ್ನ ಖಾತೆಗೆ. ಬೋನಸ್ಸು ನನ್ನ ಹೆಸರಿಗೆ. ಮಹಾಸಭೆಯ ನೋಟೀಸು ನನಗೆ. "ಹಾಲು ಕರೆಯುವುದು ಅಮ್ಮ, ಹಾಲು ಉತ್ಪಾದಕರು ನೀವು. ಇದು ಹೇಗೆ ಅಪ್ಪ?" ಎಂದಳು. ಸಿಟ್ಟಿನಲ್ಲಿ ಕೇಳಿದ್ದಲ್ಲ. ಪರೀಕ್ಷೆಗೆ ಓದುವಾಗ ಗೊತ್ತಾಗದ್ದನ್ನು ಕೇಳುವ ಹಾಗೆಯೇ ಕೇಳಿದ್ದು.

ಸಭಿಕರೇ, ನಾನು ಆ ದಿವಸ ಉತ್ತರ ಕೊಡಲಿಲ್ಲ. ನಾಲ್ಕು ತಿಂಗಳು ಕೊಡಲಿಲ್ಲ. ನನ್ನ ಸಂಕಟ ನಿಮಗೆ ಬಿಡಿಸಿ ಹೇಳುತ್ತೇನೆ. ನಮ್ಮ ಸಂಘದಲ್ಲಿ ಒಂದು ಮನೆಗೆ ಒಂದು ಸದಸ್ಯತ್ವ ಎಂಬ ಕ್ರಮ ಮೊದಲಿನಿಂದ ನಡೆದುಕೊಂಡು ಬಂದಿದೆ. ಮತ ಹಾಕಲಿಕ್ಕೆ ಒಂದೇ ಮನೆಯವರು ನಾಲ್ಕು ನಾಲ್ಕು ಸದಸ್ಯರಾಗಬಾರದು ಎಂದು ಹಿರಿಯರು ಮಾಡಿದ್ದು, ಅದರಲ್ಲಿ ತಪ್ಪು ಹುಡುಕುವುದಿಲ್ಲ. ಆದರೆ ಅದರಿಂದ ಆದದ್ದು ಏನೆಂದರೆ ಪುಸ್ತಕ ತೆಗೆದು ನೋಡಿದರೆ ಹೆಂಗಸರ ಹೆಸರು ಬೆರಳಲ್ಲಿ ಎಣಿಸುವಷ್ಟು, ಅದರಲ್ಲಿಯೂ ಹೆಚ್ಚಿನವರು ಗಂಡ ತೀರಿಹೋದ ಮೇಲೆ ಬಂದವರು. ಆಡಳಿತ ಮಂಡಳಿಯಲ್ಲಿ ಎರಡು ಮಹಿಳಾ ಸ್ಥಾನ ಉಂಟು, ಪ್ರತಿ ಚುನಾವಣೆಯಲ್ಲಿ ಆ ಎರಡಕ್ಕೆ ಜನ ಹುಡುಕಲಿಕ್ಕೆ ನಾವು ಎಷ್ಟು ಮನೆ ತಿರುಗಿದ್ದೇವೆ ಎಂದು ಇಲ್ಲಿರುವ ನಿರ್ದೇಶಕರಿಗೆಲ್ಲ ಗೊತ್ತು. ನಮ್ಮ ರಾಜ್ಯದಲ್ಲಿ ಮಹಿಳೆಯರದ್ದೇ ಹಾಲು ಸಂಘಗಳು ಎಷ್ಟೋ ನಡೆಯುತ್ತಿವೆ. ಅವರು ಲೆಕ್ಕ ನೋಡುತ್ತಾರೆ, ಫ್ಯಾಟು ನೋಡುತ್ತಾರೆ, ಮಹಾಸಭೆ ಮಾಡುತ್ತಾರೆ. ಆದ್ದರಿಂದ ಆಗದ ಕೆಲಸ ಎನ್ನಲಿಕ್ಕೆ ಬಾಯಿಲ್ಲ.

ಕಷ್ಟ ಇರುವುದು ನನ್ನಲ್ಲಿ. ಸದಸ್ಯತ್ವ ಹೆಂಡತಿಯ ಹೆಸರಿಗೆ ಮಾಡಿದರೆ ನಾನು ಸದಸ್ಯ ಅಲ್ಲ. ಸದಸ್ಯ ಅಲ್ಲದವ ನಿರ್ದೇಶಕ ಹೇಗಾದಾನು? ಎಸ್ಸೆಸ್ಸೆಲ್ಸಿಗೆ ನಿಲ್ಲಿಸಿದವನಿಗೆ ಊರಲ್ಲಿ ಒಂದು ಮರ್ಯಾದೆ ಅಂತ ಸಿಕ್ಕಿದ್ದರೆ ಈ ಕುರ್ಚಿಯಿಂದ. ಅದು ಬಿಟ್ಟುಕೊಡಲಿಕ್ಕೆ ಮನಸ್ಸು ಬರಲಿಲ್ಲ. ಇದನ್ನು ಮೈಕಿನಲ್ಲಿ ಹೇಳುವುದು ಸುಲಭ ಅಲ್ಲ, ಆದರೂ ಹೇಳಿಬಿಟ್ಟೆ.

ಮನೆಯವಳಲ್ಲಿ ಕೇಳಿದೆ. ಅವಳು ನಕ್ಕು, "ನನಗೆ ನಿಮ್ಮ ಮೀಟಿಂಗು ಬೇಡ, ಸಾಲಕ್ಕೆ ಸಹಿ ಹಾಕಲಿಕ್ಕೆ ಬರುತ್ತದೆ, ಅಷ್ಟು ಸಾಕು" ಎಂದಳು. ನಾನು ಮಗಳಿಗೆ ಫೋನು ಮಾಡಿ, ಅಮ್ಮನೇ ಬೇಡ ಎಂದಳು ಎಂದೆ. ಗೆದ್ದ ಹಾಗೆ ಆಯಿತು ನನಗೆ. ಅವಳು ಆ ಕಡೆಯಿಂದ, "ನೀವು ಕೇಳಿದ್ದು ಎಲ್ಲಿ? ಅಮ್ಮ ಹಾಲು ಕರೆಯುವಾಗ ಕೇಳಿದ್ದಾ?" ಎಂದಳು. ಹೌದು, ಹಟ್ಟಿಯ ಬಾಗಿಲಲ್ಲಿ ನಿಂತು ಕೇಳಿದ್ದು. ಆಮೇಲೆ ಒಂದು ರಾತ್ರಿ ಊಟ ಆದ ಮೇಲೆ ಕೂತು ಪುನಃ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, "ಬಟವಾಡೆ ಎಷ್ಟು ಬರ್ತದೆ ಅಂತ ಒಂದು ಸಲ ತೋರಿಸಿ" ಎಂದಳು. ಮದುವೆಯಾಗಿ ಇಪ್ಪತ್ತೆರಡು ವರ್ಷ. ಅವಳು ಕೇಳಿರಲಿಲ್ಲ, ನಾನು ತೋರಿಸಿರಲಿಲ್ಲ. ಮುಚ್ಚಿಟ್ಟದ್ದಲ್ಲ. ತೋರಿಸಬೇಕು ಎಂದು ತೋಚಿದ್ದೇ ಇಲ್ಲ.

ಕಳೆದ ತಿಂಗಳ ಆಡಳಿತ ಮಂಡಳಿ ಸಭೆಯಲ್ಲಿ ನಾನು ಈ ವಿಷಯ ಇಟ್ಟಿದ್ದೇನೆ. ಹಾಲು ಹಾಕುವ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಸದಸ್ಯರಾಗಬಹುದು, ಬಟವಾಡೆ ಯಾರ ಖಾತೆಗೆ ಎಂದು ಅವರೇ ಬರೆದು ಕೊಡಬೇಕು ಎಂದು. ಪರ ಮಾತಾಡಿದವರೂ ಇದ್ದಾರೆ, ಮನೆಯೊಳಗೆ ಜಗಳ ತರುವ ಕೆಲಸ ಎಂದವರೂ ಇದ್ದಾರೆ. ಅವರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ, ಪಾಲಾದ ಮನೆಗಳಲ್ಲಿ ತೊಡಕು ಬಂದೀತು. ಬರುವ ಮಹಾಸಭೆಯ ಮುಂದೆ ಅದು ಬರಲಿಕ್ಕುಂಟು. ದಯವಿಟ್ಟು ಆ ದಿವಸ ಎಲ್ಲರೂ ಬನ್ನಿ, ಮನೆಯಲ್ಲಿ ಹಾಲು ಕರೆಯುವವರನ್ನು ಕರೆದುಕೊಂಡು ಬನ್ನಿ. ಮತ ಇಲ್ಲದಿದ್ದರೂ ಕೂತು ಕೇಳಲಿಕ್ಕೆ ಅಡ್ಡಿ ಇಲ್ಲ ಎಂದು ಅಧ್ಯಕ್ಷರು ಒಪ್ಪಿದ್ದಾರೆ. ಅಲ್ಲಿ ಬಿದ್ದುಹೋದರೆ ನನ್ನ ಈ ಅವಧಿ ಮುಗಿದ ಕೂಡಲೇ ನನ್ನ ಪಾಲು ಬಂಡವಾಳ ಮನೆಯವಳ ಹೆಸರಿಗೆ ವರ್ಗ ಮಾಡುತ್ತೇನೆ. ಅರ್ಜಿ ಬರೆದು ಕಾರ್ಯದರ್ಶಿಯವರ ಕೈಯಲ್ಲಿ ಕೊಟ್ಟಿದ್ದೇನೆ, ತಾರೀಕು ಮಾತ್ರ ಖಾಲಿ ಬಿಟ್ಟಿದ್ದೇನೆ.

ಮಗಳು ಈ ವರ್ಷ ಪದವಿ ಮುಗಿಸಿದಳು. ಫಳ್ನೀರ್‌ನ ಕೋಣೆ ಖಾಲಿ ಮಾಡಲಿಕ್ಕೆ ಮೊನ್ನೆ ನಾನೇ ಹೋಗಿದ್ದೆ. ಒಂದು ಟ್ರಂಕು, ಎರಡು ಚೀಲ ಪುಸ್ತಕ, ಒಂದು ಡಬ್ಬಿಯಲ್ಲಿ ಉಳಿದ ಹುರುಳಿ. ಇನ್ನೂ ಎರಡು ವರ್ಷ ಓದಬೇಕು ಎನ್ನುತ್ತಾಳೆ. ಫೀಸಿನ ಲೆಕ್ಕ ಹಾಕಲಿಕ್ಕೆ ಈ ಸಲ ಅವಳ ಅಮ್ಮನೂ ನಮ್ಮ ಜೊತೆ ಕೂತಿದ್ದಳು. ಹೋದ ತಿಂಗಳ ಬಟವಾಡೆ ಚೀಟಿ ಅವಳ ಕೈಯಲ್ಲೇ ಇತ್ತು.

ಬಹುಮಾನ ಪಡೆಯುವ ಮಕ್ಕಳಿಗೆಲ್ಲ ಅಭಿನಂದನೆಗಳು. ಊಟಕ್ಕೆ ಹೊತ್ತಾಯಿತು.